ಆಯ್ತೇನೋ ಅಂತ ಅಕ್ಕ ಕೇಳಿದಳು

ಮಧುಗಿರಿ
ಭಾನುವಾರ ರಾತ್ರಿ

ಪುಟ್ಟೀ,

ನಿಮ್ಮಮ್ಮನ ಫೋನ್ ಎತ್ತುತ್ತೀಯ, ನನ್ನದು ಮಾತ್ರ ಎತ್ತುತ್ತಿಲ್ಲ. ಇರಲಿ. ಹದಿನೆಂಟಕ್ಕೆ ನಿನ್ನ ವಿಮಾನ. ಅಷ್ಟರೊಳಗೆ ಕೈ ಸೇರಲಿ ಅಂತ ನಾಳೆ ಬೆಳಿಗ್ಗೆಯೇ ಇದನ್ನು ಸ್ಪೀಡ್ ಪೋಸ್ಟ್ ಮಾಡುತ್ತೇನೆ. ವಾಟ್ಸಾಪಿನಲ್ಲೇ ಬರೆಯಬಹುದಿತ್ತು. ಆದರೆ ನೀನು ಜಗಳ ತೆಗೆದದ್ದು ಹಳೇ ವಂಶವೃಕ್ಷದಲ್ಲಿ ನನ್ನ ಕೈಬರಹ ನೋಡಿ. ಉತ್ತರವೂ ಅದೇ ಕೈಬರಹದಲ್ಲಿರಲಿ.

ಅವತ್ತು ಊಟದ ಮೇಲೆ ಆದ ಮಾತುಗಳನ್ನು ಮತ್ತೆ ಬರೆಯಲ್ಲ, ಇಬ್ಬರಿಗೂ ನೆನಪಿದೆ. "ಸತ್ತವರ ಕಾಗದ ಕೆದಕೋದೇ ನಿನಗೊಂದು ಕೆಲಸಾನಾ?" ಅಂದೆನಲ್ಲ, ಅದು ತಪ್ಪು. ಆ ಕೆಲಸ ಹಚ್ಚಿದವನೇ ನಾನು. ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ ಅಂತ ನಿನಗೆ ಏಳನೇ ಕ್ಲಾಸಿನಲ್ಲೇ ಹೇಳಿಕೊಟ್ಟೆ. ಅಟ್ಟದ ಟ್ರಂಕಿನಲ್ಲಿದ್ದ ಭೋಗ್ಯದ ಪತ್ರ, ಅಂದರೆ ಹೊಲ ಅಡವಿಟ್ಟ ಕಾಗದ, ಹರಡಿಕೊಂಡು ಕೂರುತ್ತಿದ್ದೆವು. ಶಾನುಭೋಗರ ಅಕ್ಷರ. ಪದದ ಮಧ್ಯೆ ಜಾಗವೇ ಇಲ್ಲ, ಕೈ ಎತ್ತದೆ ಎಳೆದುಕೊಂಡು ಹೋಗಿದ್ದಾರೆ. ನೀನು ಬೆರಳಿಟ್ಟು ಒಂದೊಂದೇ ಅಕ್ಷರ ಬಿಡಿಸುತ್ತಿದ್ದೆ.

ಆ ಪತ್ರದಲ್ಲಿ ಇಸವಿ ಇಲ್ಲ. ಧಾತು ಸಂವತ್ಸರ, ಕಾರ್ತಿಕ ಮಾಸ, ಒಂದು ತಿಥಿ, ಒಂದು ವಾರ, ಅಷ್ಟೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತೆ. ನೀನು ಹುಟ್ಟಿದ 1996 ಕೂಡ ಧಾತುವೇ. ನಿಮ್ಮಜ್ಜ ಈ ಪತ್ರ 1936ರದ್ದು ಅನ್ನುತ್ತಿದ್ದರು, ನಾನೂ ಹಾಗೇ ನಂಬಿದ್ದೆ. ನೀನು ತಿಥಿಯನ್ನೂ ವಾರವನ್ನೂ ಹೊಂದಿಸಿ ನೋಡಿ, "1936ಕ್ಕೆ ವಾರ ಕೂಡಲ್ಲ ಅಪ್ಪ, 1876ಕ್ಕೆ ಕೂಡುತ್ತೆ" ಅಂದೆ. ಅವತ್ತು ನನಗಾದ ಹೆಮ್ಮೆ ನಿನಗೆ ಹೇಳಲೇ ಇಲ್ಲ. "ಇನ್ನೊಂದು ಸಲ ಲೆಕ್ಕ ಹಾಕು" ಅಂದೆ. ಮೇಷ್ಟ್ರ ಬುದ್ಧಿ.

1876 ಅಂದರೆ ದೊಡ್ಡ ಬರ. 1871ರಲ್ಲಿ ಐವತ್ತು ಲಕ್ಷ ಜನ ಇದ್ದ ಮೈಸೂರು ಸಂಸ್ಥಾನದಲ್ಲಿ 1881ರ ಗಣತಿಗೆ ನಲವತ್ತೆರಡು ಲಕ್ಷವೂ ಇರಲಿಲ್ಲ. ಆ ಬರದಲ್ಲಿ ನಮ್ಮ ಮನೆಯ ಒಬ್ಬ ಹೆಂಗಸು ಎರಡು ಖಂಡುಗ ರಾಗಿಗೆ ಹೊಲ ಭೋಗ್ಯಕ್ಕೆ ಹಾಕಿದ್ದಾಳೆ. ಹಿಂದುಗಡೆ ಬೇರೆ ಶಾಯಿಯಲ್ಲಿ ಬಿಡಿಸಿಕೊಂಡ ಷರಾ ಇದೆ, ಅದೂ ಅವಳೇ. ಹೆಸರಿದ್ದ ಜಾಗವನ್ನು ಗೆದ್ದಲು ತಿಂದಿದೆ. ಉಳಿದದ್ದು "ಕೋಂ ರಂಗಪ್ಪ".

ಅದಕ್ಕೇ ಅವತ್ತು ನೀನು ಆ ವಂಶವೃಕ್ಷದ ನಕಲನ್ನು ಟೇಬಲ್ ಮೇಲಿಟ್ಟು, "ಆ ಅಜ್ಜಿ ಹೆಸರು ಗೆದ್ದಲು ತಿಂತು, ಅತ್ತೆ ಹೆಸರು ಯಾರು ತಿಂದ್ರು ಅಪ್ಪ?" ಅಂದಾಗ ನನಗೆ ಉರಿದುಹೋಯಿತು. ಮಾತು ಜಾಸ್ತಿಯಾಯಿತು ಅಂತ ಈಗಲೂ ಅನ್ನಿಸುತ್ತೆ. ಸುಳ್ಳು ಅಂತ ಮಾತ್ರ ಹೇಳೋಕಾಗಲ್ಲ.

ಹೇಗೆ ಹುಡುಕಿದೆ ಅಂತ ನಾನು ಕೇಳಲಿಲ್ಲ, ಗೊತ್ತು. ಪಹಣಿಯ ಹತ್ತನೇ ಕಾಲಂ. ಜಮೀನು ಹೇಗೆ ಬಂತು ಅಂತ ಅಲ್ಲಿ ಪೌತಿ, ಅಂದರೆ ಹಿಂದಿನವರು ತೀರಿಕೊಂಡು ಬಂದದ್ದು, ಅಂತ ಇರುತ್ತೆ, ಜೊತೆಗೊಂದು ಎಂ.ಆರ್. ನಂಬರ್, ಖಾತೆ ಬದಲಾದ ದಾಖಲೆಯ ನಂಬರ್. ಆ ನಂಬರ್ ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿದರೆ ಕಡತ ಬರುತ್ತೆ. ಕಡತದೊಳಗೆ ವಂಶವೃಕ್ಷ. ಇದನ್ನೂ ನಿನಗೆ ಹೇಳಿಕೊಟ್ಟವನು ನಾನೇ.

ಅವತ್ತಿನ ವಿಷಯಕ್ಕೆ ಬರುತ್ತೇನೆ.

1997. ಅಜ್ಜ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಪೌತಿ ಖಾತೆ ಮಾಡಿಸಬೇಕು ಅಂತ ನಾನು, ಚಿಕ್ಕಪ್ಪ ಹೊರಟೆವು. ನಿಮ್ಮಮ್ಮನಿಗೆ ಜ್ವರ. ನೀನು ನನ್ನ ಬಿಟ್ಟು ಇರುತ್ತಿರಲಿಲ್ಲ. ತಿಥಿಗೆ ಅಂತ ಬಂದಿದ್ದ ಅಕ್ಕ ಇನ್ನೂ ನಮ್ಮ ಮನೆಯಲ್ಲೇ ಇದ್ದಳು. "ಮಗೂನ ನಾನು ಎತ್ಕೋತೀನಿ ನಡಿ" ಅಂತ ಜೊತೆಗೆ ಬಂದಳು. ಹೌದು, ನೀನೂ ಅಲ್ಲಿದ್ದೆ. ಹೊರಗೆ ಹೊಂಗೆ ಮರದ ಕಟ್ಟೆ ಮೇಲೆ ಅಕ್ಕ ನಿನ್ನ ತೊಡೆ ಮೇಲೆ ಕೂರಿಸಿಕೊಂಡಿದ್ದಳು. ಸೆರಗಿನಲ್ಲಿ ಕಡ್ಲೆಪುರಿ ಕಟ್ಟಿಕೊಂಡು ಬಂದಿದ್ದಳು, ಒಂದೊಂದೇ ನಿನ್ನ ಬಾಯಿಗೆ ಇಡುತ್ತಿದ್ದಳು.

ಒಳಗೆ ಲೆಕ್ಕಿಗರು, "ಮೇಷ್ಟ್ರೇ, ನಿಮ್ಮ ಅಕ್ಷರ ಚೆನ್ನಾಗಿದೆ, ವಂಶವೃಕ್ಷ ನೀವೇ ಬರೆದುಕೊಡಿ" ಅಂದರು. ಬಿಳಿ ಹಾಳೆ ಕೊಟ್ಟರು. ಮೇಲೆ ಅಜ್ಜನ ಹೆಸರು ಬರೆದೆ. ಪಕ್ಕದಲ್ಲಿ ಪೌತಿ ಅಂತ ಬರೆದೆ. ಕೆಳಗೊಂದು ಗೀಟು ಎಳೆದೆ. ಆ ಗೀಟಿಗೆ ಎಷ್ಟು ಕವಲು ಅಂತ ನಾನು ಯೋಚಿಸಿದ್ದು ಎಷ್ಟು ಹೊತ್ತು? ಒಂದು ನಿಮಿಷವೂ ಇಲ್ಲ. ಕಿಟಕಿಯಲ್ಲಿ ಹೊಂಗೆ ಮರ ಕಾಣುತ್ತಿತ್ತು. ಅಕ್ಕನ ಬೆನ್ನು ಕಾಣುತ್ತಿತ್ತು. ಚಿಕ್ಕಪ್ಪ ನನ್ನ ಮೊಣಕೈ ಮುಟ್ಟಿ, "ಅಕ್ಕನಿಗೆ ಮದುವೇಲೇ ಎಲ್ಲ ಕೊಟ್ಟಾಗಿದೆ, ಬರೆದರೆ ಅವಳ ರುಜು, ಭಾವನ ತಕರಾರು, ಸುಮ್ನೆ ತಲೆನೋವು" ಅಂದ. ನಾನು ಎರಡು ಕವಲು ಎಳೆದೆ. "ಬೇರೆ ವಾರಸುದಾರರು ಇರುವುದಿಲ್ಲ" ಅಂತ ಕೆಳಗೆ ಬರೆದು ರುಜು ಹಾಕಿದೆ. ಚಿಕ್ಕಪ್ಪನ ಮೇಲೆ ಹಾಕಿ ತಪ್ಪಿಸಿಕೊಳ್ಳಲ್ಲ. ಪೆನ್ನು ನನ್ನ ಕೈಯಲ್ಲಿತ್ತು.

ಹೊರಗೆ ಬಂದೆ. ಅಕ್ಕ ಎದ್ದು ನಿಂತು, "ಆಯ್ತೇನೋ?" ಅಂದಳು. "ಆಯ್ತಕ್ಕ" ಅಂದೆ.

ಇಷ್ಟೇ. ಆದರೆ ಈ ವಾರ ಪೂರ್ತಿ ನನಗೆ ಕೇಳಿಸುತ್ತಿರುವುದು ಅದೊಂದೇ. ಏನು ಆಯ್ತು ಅಂತ ಅವಳು ಕೇಳಲಿಲ್ಲ. ನಾನಂದ "ಆಯ್ತಕ್ಕ" ಎಷ್ಟು ಸಲೀಸಾಗಿ ಬಂತು ನೋಡು. ನಿನ್ನ ಕೆನ್ನೆಗೆ ಅಂಟಿದ್ದ ಪುರಿ ಒರೆಸಿ ನಿನ್ನನ್ನು ನನ್ನ ಕೈಗೆ ಕೊಟ್ಟಳು. ಅವಳಿಗೆ ಗೊತ್ತಿತ್ತಾ? ಗೊತ್ತಿದ್ದೇ ಕೇಳಿದಳಾ? ಇಪ್ಪತ್ತು ಇಪ್ಪತ್ತೈದು ಹೆಜ್ಜೆ ದೂರ, ಕಿಟಕಿ ತೆರೆದಿತ್ತು, ಚಿಕ್ಕಪ್ಪನ ಗಂಟಲು ದೊಡ್ಡದು. ಬಸ್ಸಿನಲ್ಲಿ ಅವಳು ಹೆಚ್ಚು ಮಾತಾಡಲಿಲ್ಲ ಅಂತ ಈಗ ನೆನಪಾಗುತ್ತೆ. ಅದು ನಿಜವಾದ ನೆನಪಾ, ಈ ವಾರ ಹುಟ್ಟಿದ್ದಾ, ಹೇಳೋಕಾಗಲ್ಲ.

ಆಮೇಲೆ ಪ್ರತಿ ಗೌರಿ ಹಬ್ಬಕ್ಕೆ ಬಾಗಿನ ತಪ್ಪಿಸಿಲ್ಲ. ಸೀರೆ, ಅರಿಶಿನ ಕುಂಕುಮ, ಕೈಗೆ ಐನೂರು, ಈಚೆಗೆ ಸಾವಿರ. ಹೆಣ್ಣುಮಗಳನ್ನು ಚೆನ್ನಾಗಿ ನೋಡಿಕೊಂಡೆವು ಅಂತ ನನ್ನೊಳಗೆ ನಾನೇ ಬೀಗುತ್ತಿದ್ದೆ. 1956ರ ಕಾನೂನಿನಿಂದಲೇ ಅಪ್ಪನ ಪಾಲಿನಲ್ಲಿ ಮಗಳಿಗೂ ಹಕ್ಕಿದೆ ಅಂತ ನೀನು ಅವತ್ತು ಹೇಳಿದೆ. ನನಗೆ ಗೊತ್ತಿರಲಿಲ್ಲ ಅಂತ ಹೇಳಿದರೆ ಅದು ಇನ್ನೊಂದು ಸುಳ್ಳು. ಪೂರ್ತಿ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳೋಕೆ ಹೋಗಲೂ ಇಲ್ಲ.

ಒಂದು ಮಾತು ಹೇಳುತ್ತೇನೆ, ಕೇಳು. ನೀನು ಕಾಗದ ಓದುವಾಗ ಅದರಲ್ಲಿದ್ದದ್ದನ್ನೆಲ್ಲ ನಂಬಬೇಡ. ಬರೆಸಿದವನು ಹೇಳಿದ್ದು, ಬರೆದವನು ಕೇಳಿಸಿಕೊಂಡಿದ್ದು ಮಾತ್ರ ಅದರಲ್ಲಿರುತ್ತೆ. ನಾನು ಎಷ್ಟು ಮಕ್ಕಳ ಹುಟ್ಟಿದ ದಿನ ಬರೆದಿದ್ದೇನೆ ಗೊತ್ತಾ? ತಲೆ ಮೇಲಿಂದ ಕೈ ಹಾಕಿ ಆ ಕಡೆ ಕಿವಿ ಮುಟ್ಟಿದರೆ ಒಂದನೇ ಕ್ಲಾಸು. ದಿನ ಗೊತ್ತಿಲ್ಲ ಅಂದರೆ ಜೂನ್ ಒಂದು. ಆ ಮಕ್ಕಳು ಆ ತಾರೀಖಿನ ಲೆಕ್ಕದಲ್ಲೇ ನಿವೃತ್ತರಾಗುತ್ತಾರೆ. ಹೆಸರೂ ಹಾಗೇ. ನಮ್ಮ ಮನೆಯಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಡೋದು ರೂಢಿ. ರಂಗಪ್ಪ ಬಿನ್ ಕರಿಯಪ್ಪ, ಕರಿಯಪ್ಪ ಬಿನ್ ರಂಗಪ್ಪ. ಇಬ್ಬರನ್ನು ಒಬ್ಬ ಅಂದುಕೊಂಡರೆ ಒಂದು ತಲೆಮಾರೇ ಮಾಯ. ಅದಕ್ಕೆ ಮೊದಲು ಮುದುಕರನ್ನು ಕೇಳು, ಆಮೇಲೆ ಕಾಗದ ತೆಗೆ. ಹಳೇ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡ, ಹಾಳಾಗುತ್ತೆ, ಹತ್ತಿಬಟ್ಟೆಯಲ್ಲಿ ಸುತ್ತಿಡು. ನೋಡು, ಕ್ಷಮೆ ಕೇಳೋಕೆ ಕೂತವನು ಪಾಠ ಶುರು ಮಾಡಿದೆ. ನಿಮ್ಮಮ್ಮ ಓದಿದ್ದರೆ ಈ ಪುಟ ಹರಿದು ಹಾಕು ಅನ್ನುತ್ತಿದ್ದಳು.

ನಾನು ಚಿಕ್ಕವನಿದ್ದಾಗ ಸುಗ್ಗಿಯಲ್ಲಿ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು ನಮ್ಮ ವಂಶ ಪೂರ್ತಿ ಒಂದೇ ಉಸಿರಿಗೆ ಹೇಳುತ್ತಿದ್ದರು. ಕೊನೆಗೆ ನನ್ನ ಹೆಸರು ಬಂದಾಗ ನಾನು ಕುಣಿಯುತ್ತಿದ್ದೆ. ಮೊರದಲ್ಲಿ ರಾಗಿ ತಂದು ಅವರ ಚೀಲಕ್ಕೆ ಹಾಕುತ್ತಿದ್ದದ್ದು ಅಕ್ಕ.

ಮೊನ್ನೆ ಗುರುವಾರ ಶಿರಾ ಬಸ್ ಹತ್ತಿ ಅಕ್ಕನ ಮನೆಗೆ ಹೋಗಿದ್ದೆ. ನಿನಗೆ ಹೇಳಿರಲಿಲ್ಲ. ನೀನು ತಂದಿಟ್ಟ ನಕಲು ಕೈಚೀಲದಲ್ಲಿತ್ತು. ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. "ಇನ್ನೊಂದು ತುತ್ತು" ಅಂತ ಒತ್ತಾಯ ಮಾಡಿದಳು. ಮಂಡಿ ನೋವು ಅಂತ ಗೋಡೆ ಹಿಡಿದುಕೊಂಡು ಏಳುತ್ತಾಳೆ ಈಗ. ನೀನು ಹೊರಡೋದು ಯಾವತ್ತು ಅಂತ ಮೂರು ಸಲ ಕೇಳಿದಳು. ಚೀಲದ ಜಿಪ್ ತೆಗೆದೆ, ಮತ್ತೆ ಹಾಕಿದೆ. ಹಾಗೇ ಬಂದುಬಿಟ್ಟೆ.

ದಯವಿಟ್ಟು ನೀನು ಹೇಳಬೇಡ. ನಾನೇ ಹೇಳಬೇಕು. ಹೆದರಿಕೆ ಇದೆ, ಮುಚ್ಚಿಡಲ್ಲ. ಅವಳ ಮಕ್ಕಳು ಕೋರ್ಟಿಗೆ ಹೋಗಬಹುದು. ಚಿಕ್ಕಪ್ಪ ಅವನ ಪಾಲಿನಲ್ಲಿ ಮನೆ ಕಟ್ಟಿಕೊಂಡಿದ್ದಾನೆ, ಅವನು ನನ್ನ ಜೊತೆ ಮಾತು ಬಿಡಬಹುದು. ಅದಕ್ಕಿಂತ ಜಾಸ್ತಿ, ಅಕ್ಕ "ನಂಗೊತ್ತಿತ್ತು ಬಿಡೋ" ಅಂದುಬಿಟ್ಟರೆ ನಾನೇನು ಮಾಡಲಿ? ನನ್ನ ಪಾಲಿನ ಎರಡು ಎಕರೆ ಒಂಬತ್ತು ಗುಂಟೆಯಲ್ಲಿ ಅವಳಿಗೆ ಸೇರಬೇಕಾದ್ದನ್ನು ಬಿಟ್ಟುಕೊಡುತ್ತೇನೆ. ಅದು ನಿನಗೆ ಬರಬೇಕಾದ ಜಮೀನು ಅನ್ನೋದೂ ನನಗೆ ಗೊತ್ತು. ನಿನ್ನ ಕೇಳದೆ ಬರೆಯುತ್ತಿದ್ದೇನೆ, ನೀನು ಬೇಡ ಅನ್ನಲ್ಲ ಅಂತ ಗೊತ್ತಿರೋದರಿಂದ.

ನಿನ್ನೆ ರಾತ್ರಿ ಪೆನ್ಸಿಲಿನಲ್ಲಿ ಹೊಸ ವಂಶವೃಕ್ಷ ಬರೆದೆ. ಅಜ್ಜನ ಕೆಳಗೆ ಮೂರು ಕವಲು. ಮೊದಲನೆಯದು ಗಂಗಮ್ಮ. ಅವಳ ಹೆಸರು ಹಿಡಿದು ಯಾವತ್ತೂ ಕರೆದವನಲ್ಲ, ಬರೆಯುವಾಗ ಯಾರದೋ ಹೆಸರು ಅನ್ನಿಸಿತು. ಪಕ್ಕದಲ್ಲಿ ಹುಟ್ಟಿದ ವರ್ಷ ಹಾಕೋಕೆ ಹೋಗಿ ನಿಲ್ಲಿಸಿದೆ. ಅವಳು ಶಾಲೆಗೆ ಹೋಗಲಿಲ್ಲ, ರಿಜಿಸ್ಟರಿನಲ್ಲಿಲ್ಲ. ವೋಟರ್ ಕಾರ್ಡಿನಲ್ಲಿರುವ ವಯಸ್ಸು ಯಾರೋ ಮುಖ ನೋಡಿ ಬರೆದದ್ದು. ನಿಮ್ಮ ಅಜ್ಜಿ ಹೇಳುತ್ತಿದ್ದದ್ದು ಇಷ್ಟೆ: "ನಮ್ಮೂರ ಕೆರೆ ಕೋಡಿ ಬಿದ್ದ ವರ್ಷ, ಮಹಾನವಮಿ ದಿನ, ಮಂಗಳವಾರ." ನನಗಿಂತ ಐದೋ ಆರೋ ವರ್ಷಕ್ಕೆ ದೊಡ್ಡವಳು.

ತಿಥಿ ಇದೆ, ವಾರ ಇದೆ. ಯಾವ ವರ್ಷಕ್ಕೆ ಕೂಡುತ್ತೆ ಅಂತ ನೀನು ನೋಡುತ್ತೀಯಾ? ಹೊರಡೋ ಮೊದಲು ಹೇಳಿದರೆ ಸಾಕು. ಅಲ್ಲಿಗೆ ಹೋಗಿ ಫೋನ್ ಮಾಡಿದರೂ ಆಗುತ್ತೆ.

ಬಿಟ್ಟು ಹೋದ ಹುರಿಹಿಟ್ಟಿನ ಡಬ್ಬ ಎದುರು ಮನೆಯವರ ಕೈಲಿ ಬುಧವಾರ ಕಳಿಸುತ್ತೇನೆ. ಮುಚ್ಚಳ ಸಡಿಲ, ರಬ್ಬರ್ ಬ್ಯಾಂಡ್ ಹಾಕಿದ್ದೇನೆ.

ನಿನ್ನ
ಅಪ್ಪ