ಲಿನಕ್ಸ್ ಬೆಂಬಲ ಇದೆ ಎಂದು ಮಾರಿದ ಮೂರು ಗ್ರಾಫಿಕ್ಸ್ ಕಾರ್ಡ್‌ಗಳ ಕುರಿತು ದೂರು

ಕಲಬುರಗಿ
20 ಜನವರಿ 2026

ಇವರಿಗೆ,
ಮುಖ್ಯಸ್ಥರು, ಗ್ರಾಹಕರ ದೂರು ವಿಭಾಗ

ವಿಷಯ: ಬೆಂಬಲದ ಬಗ್ಗೆ ತಪ್ಪು ಮಾಹಿತಿ ಕೊಟ್ಟು ಮಾರಿದ ಮೂರು ಕಾರ್ಡ್‌ಗಳನ್ನು ವಾಪಸ್ ಪಡೆದು ಹಣ ಹಿಂತಿರುಗಿಸುವುದು

ಮಾನ್ಯರೇ,

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಆರು ಕಂಪ್ಯೂಟರ್‌ಗಳ ಒಂದು ಸಣ್ಣ ಗೇಮಿಂಗ್ ಪಾರ್ಲರ್ ನಡೆಸುತ್ತೇನೆ. ಅಂಗಡಿಯಲ್ಲಿ ಕೆಲಸಕ್ಕೆ ಆಳು ಇಲ್ಲ. ಹಗಲು ನಾನು, ಸಂಜೆ ಕಾಲೇಜು ಬಿಟ್ಟ ಮೇಲೆ ನನ್ನ ತಮ್ಮ. 2025ರ ನವೆಂಬರ್ 11ರಂದು ನಿಮ್ಮ ಜಾಲತಾಣದಿಂದಲೇ 8 ಜಿಬಿಯ ಮೂರು ಗ್ರಾಫಿಕ್ಸ್ ಕಾರ್ಡ್ ತರಿಸಿಕೊಂಡೆ. ಒಂದಕ್ಕೆ 24,500 ರೂಪಾಯಿಯಂತೆ ಒಟ್ಟು 73,500 ರೂಪಾಯಿ ಕಟ್ಟಿದ್ದೇನೆ. ಅದರಲ್ಲಿ 50,000 ನಮ್ಮ ಸ್ವಸಹಾಯ ಸಂಘದಿಂದ ಎತ್ತಿದ ಸಾಲ, ಅದರ ಕಂತು ಡಿಸೆಂಬರ್‌ನಿಂದಲೇ ಶುರುವಾಗಿದೆ.

ನಿಮ್ಮ ಕಾರ್ಡನ್ನೇ ಏಕೆ ಕೊಂಡೆ ಎಂಬುದನ್ನು ಮೊದಲು ಹೇಳಬೇಕು. ನನ್ನ ಆರು ಯಂತ್ರಗಳಲ್ಲಿ ಮೂರು ಹೊಸವು, ಮೂರು ಇಂಟೆಲ್ ಏಳನೇ ತಲೆಮಾರಿನ ಪ್ರೊಸೆಸರ್‌ನ ಹಳೆಯವು. ಹಳೆಯ ಮೂರರಲ್ಲಿ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಏರೋಣವೆಂದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ನಂತರದ್ದು ಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು. ಸರಿಯಾಗಿ ನಡೆಯುತ್ತಿರುವ ಯಂತ್ರಗಳನ್ನು ಗುಜರಿಗೆ ಹಾಕುವ ಶಕ್ತಿ ನನಗಿಲ್ಲ. ನನ್ನ ತಮ್ಮ ಓದಿಗಾಗಿ ದಿನವೂ ಲಿನಕ್ಸ್ ಬಳಸುತ್ತಾನೆ, ಅದು ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ. "ಅಕ್ಕಾ, ಮೂರಕ್ಕೂ ಲಿನಕ್ಸ್ ಹಾಕೂಣು. ಕೌಂಟರ್ ಸ್ಟ್ರೈಕ್ ಅದರಾಗೂ ಓಡ್ತದ" ಎಂದ. ಹಿಂದಿನ ಬೇಸಿಗೆಯಲ್ಲಿ ಊರಿನ ಬಿಸಿಲು 42 ಡಿಗ್ರಿ ಮುಟ್ಟಿದಾಗ ಆ ಯಂತ್ರಗಳ ಎರಡು ಹಳೆಯ ಕಾರ್ಡ್‌ಗಳು ಕೆಟ್ಟಿದ್ದವು, ಒಂದು ಮಾತ್ರ ಉಳಿದಿತ್ತು. ಆ ಉಳಿದ ಕಾರ್ಡಿನ ಮಾತು ಮುಂದೆ ಬರುತ್ತದೆ, ದಯವಿಟ್ಟು ನೆನಪಿಟ್ಟುಕೊಳ್ಳಿ.

ನಿಮ್ಮ ಜಾಲತಾಣದಲ್ಲಿ ಕಾರ್ಡಿನ ಚಿತ್ರದ ಕೆಳಗೆ ವಿಂಡೋಸ್, ಲಿನಕ್ಸ್, ಮ್ಯಾಕ್ ಎಂದು ಮೂರು ಗುರುತುಗಳಿದ್ದವು, ಪಕ್ಕದಲ್ಲಿ "ಸಂಪೂರ್ಣ ಬೆಂಬಲ" ಎಂದಿತ್ತು. ಲಿನಕ್ಸ್ ಗುರುತನ್ನು ಒತ್ತಿದರೆ "ಉಬುಂಟು 22.04 ಮತ್ತು ನಂತರದ ಆವೃತ್ತಿಗಳು" ಎಂದು ಬರುತ್ತಿತ್ತು. ಉಬುಂಟು ಎಂದರೆ ಲಿನಕ್ಸ್‌ನ ಒಂದು ಬಗೆ. ಕೆಳಗಿನ ಪಟ್ಟಿಯಲ್ಲಿ ಕೌಂಟರ್ ಸ್ಟ್ರೈಕ್ 2ಕ್ಕೆ ಸೆಕೆಂಡಿಗೆ 190 ಫ್ರೇಮ್, ಅಂದರೆ ಪರದೆಯ ಮೇಲೆ ಸೆಕೆಂಡಿಗೆ 190 ಚಿತ್ರ, ಎಂದು ಬರೆದಿದ್ದಿರಿ. ಯಾವ ಪ್ರೊಸೆಸರ್, ಯಾವ ಮದರ್‌ಬೋರ್ಡ್, ಯಾವ ಆಪರೇಟಿಂಗ್ ಸಿಸ್ಟಂ ಎಂಬುದು ಎಲ್ಲೂ ಇರಲಿಲ್ಲ. ಆದರೂ ನಾನು ಕಣ್ಣು ಮುಚ್ಚಿ ಕೊಳ್ಳಲಿಲ್ಲ. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿ, ನನ್ನ ಯಂತ್ರ ಏಳನೇ ತಲೆಮಾರಿನದು, ಹಾಕುವುದು ಲಿನಕ್ಸ್ ಎಂದು ಬಿಡಿಸಿ ಹೇಳಿ ಕೇಳಿದೆ. "ಅದರ ಮೇಲೂ ಅಷ್ಟೇ ಸ್ಪೀಡ್ ಬರುತ್ತೆ ಮೇಡಂ" ಎಂದರು ನಿಮ್ಮ ಪ್ರತಿನಿಧಿ. ಆ ಮಾತನ್ನು ನಂಬಿ ಹಣ ಕಟ್ಟಿದೆ.

ಕಾರ್ಡ್ ಬಂದ ದಿನವೇ, ನೀವು ಹೇಳಿದಂತೆ, ಉಬುಂಟು 22.04 ಹಾಕಿದೆವು. ಪರದೆ ಬಂತು. ಆಟ ತೆರೆದರೆ ಸೆಕೆಂಡಿಗೆ 5-6 ಫ್ರೇಮ್. ನನ್ನ ತಮ್ಮ ಸಿಸ್ಟಂ ವಿವರ ತೆಗೆದು ನೋಡಿದಾಗ ಚಿತ್ರ ಬಿಡಿಸುತ್ತಿದ್ದುದು ನಿಮ್ಮ ಕಾರ್ಡ್ ಅಲ್ಲವೇ ಅಲ್ಲ ಎಂದು ತಿಳಿಯಿತು. ಅಲ್ಲಿ ಎಲ್‌ಎಲ್‌ವಿಎಂಪೈಪ್ ಎಂದಿತ್ತು. ಅಂದರೆ ಕಾರ್ಡಿಗೆ ತಕ್ಕ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಸಿಗದಾಗ ಗ್ರಾಫಿಕ್ಸ್ ಕೆಲಸವನ್ನೆಲ್ಲ ಪ್ರೊಸೆಸರೇ ಮೈಮೇಲೆ ಎಳೆದುಕೊಂಡು ಮಾಡುವ ಸಾಫ್ಟ್‌ವೇರ್. 24,500 ರೂಪಾಯಿಯ ಕಾರ್ಡ್ ಸ್ಲಾಟಿನಲ್ಲಿ ಸುಮ್ಮನೆ ಕೂತಿತ್ತು, ಎಂಟು ವರ್ಷದ ಹಳೆಯ ಪ್ರೊಸೆಸರ್ ಏದುಸಿರು ಬಿಡುತ್ತಿತ್ತು.

ಇದರ ಕಾರಣ ನಿಮ್ಮ ತಂತ್ರಜ್ಞರಿಗೆ ಗೊತ್ತಿರಲೇಬೇಕು. ವಿಂಡೋಸ್‌ನಲ್ಲಿ ಡ್ರೈವರ್ ಇಳಿಸಿಕೊಂಡು ಹಾಕುತ್ತೇವೆ, ಕೆಲಸ ಮುಗಿಯಿತು. ಲಿನಕ್ಸ್‌ನಲ್ಲಿ ನಿಮ್ಮ ಕಾರ್ಡಿನಲ್ಲಿರುವಂಥ ಚಿಪ್‌ಗೆ ಡ್ರೈವರಿನ ಒಂದು ಭಾಗ ಸಿಸ್ಟಂನ ತಿರುಳಾದ ಕರ್ನಲ್ ಒಳಗಿರುತ್ತದೆ, ಇನ್ನೊಂದು ಭಾಗ ಮೆಸಾ ಎಂಬ ಸಾಫ್ಟ್‌ವೇರ್ ಲೈಬ್ರರಿಯಲ್ಲಿ. ಚಿಪ್ ಹೊಸದಾದಷ್ಟೂ ಇವೆರಡೂ ಹೊಸವಾಗಿರಬೇಕು. ಉಬುಂಟು 22.04 ಬಂದದ್ದು 2022ರ ಏಪ್ರಿಲ್‌ನಲ್ಲಿ, 5.15 ಕರ್ನಲ್ ಜೊತೆಗೆ. ಅದನ್ನು 6.8ಕ್ಕೆ ಏರಿಸಿದರೂ ನಿಮ್ಮ ಕಾರ್ಡ್ ಎಚ್ಚರಗೊಳ್ಳಲಿಲ್ಲ. ಹಾಗಿದ್ದ ಮೇಲೆ "22.04 ಮತ್ತು ನಂತರ" ಎಂದು ಬರೆದವರು ಯಾರು? ಒಂದೇ ಒಂದು ಯಂತ್ರದಲ್ಲಾದರೂ ಹಾಕಿ ನೋಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ನಾಲ್ಕು ಸಲ ಇಮೇಲ್ ಬರೆದೆ. ಮೊದಲ ಉತ್ತರದಲ್ಲಿ ವಿಂಡೋಸ್ ಡ್ರೈವರಿನ ಕೊಂಡಿ ಕಳಿಸಿದಿರಿ. ಎರಡನೆಯದರಲ್ಲಿ ವಿಂಡೋಸ್ ಹಾಕಿಕೊಳ್ಳಿ ಎಂದಿರಿ. ಮೂರನೆಯದರಲ್ಲಿ, ಲಿನಕ್ಸ್ ಡ್ರೈವರ್ ಸಮುದಾಯದವರ ಹೊಣೆ, ನಮ್ಮದಲ್ಲ ಎಂದಿರಿ. ನಾಲ್ಕನೆಯದಕ್ಕೆ ಇವತ್ತಿನವರೆಗೂ ಉತ್ತರವಿಲ್ಲ. ಹನ್ನೊಂದು ರಾತ್ರಿ ಕೂತು ದಾರಿ ಹುಡುಕಿದವನು ನನ್ನ ತಮ್ಮ. ಉಬುಂಟು 24.04ಕ್ಕೆ ಹೋಗಿ, 6.14 ಕರ್ನಲ್ ಮತ್ತು ಹೊಸ ಮೆಸಾ ಹಾಕಿದ ಮೇಲೆ ಕಾರ್ಡ್ ಗುರುತು ಸಿಕ್ಕಿತು. ಅವನ ಸೆಮಿಸ್ಟರ್ ಪರೀಕ್ಷೆಗೆ ಆಗ ಎರಡು ವಾರ ಉಳಿದಿತ್ತು. ಅವನು ಓದಬೇಕಾದ ರಾತ್ರಿಗಳು ನೀವು ಮಾಡಬೇಕಾದ ಕೆಲಸಕ್ಕೆ ಹೋದವು.

ಅಷ್ಟಾದರೂ ತೊಂದರೆ ಮುಗಿಯಲಿಲ್ಲ. ಆಟ ಓಡಿತು, ಆದರೆ 61 ಫ್ರೇಮ್ ಸುತ್ತಮುತ್ತ, ಅದೂ ನಡುನಡುವೆ ತಡೆತಡೆದು. ಎದುರಾಳಿ ಮೂಲೆಯಿಂದ ಹೊರಬರುವ ಹೊತ್ತಿಗೇ ಚಿತ್ರ ನಿಂತುಬಿಡುತ್ತದೆ. ತಾಸಿಗೆ 40 ರೂಪಾಯಿ ಕೊಟ್ಟು ಆಡುವ ಹುಡುಗರು ಇದನ್ನು ಸಹಿಸುವುದಿಲ್ಲ. "ಅಕ್ಕಾ, ಇವು ಬ್ಯಾಡ್ರಿ, ಆ ಕಡಿನವು ಖಾಲಿ ಆದ ಮ್ಯಾಲ ಹೇಳ್ರಿ" ಎಂದು ಬೆಂಚಿನ ಮೇಲೆ ಕಾಯುತ್ತಾರೆ, ಕೆಲವರು ಎದ್ದು ಹೋಗುತ್ತಾರೆ.

ಫೋನಿನಲ್ಲಿ ನಿಮ್ಮವರು ಇದಕ್ಕೆ ಎರಡು ಕಾರಣ ಕೊಟ್ಟರು: ಲಿನಕ್ಸ್ ಗೇಮಿಂಗ್‌ಗೆ ಆಗಿಬರುವುದಿಲ್ಲ, ನಿಮ್ಮ ಪ್ರೊಸೆಸರ್ ಹಳೆಯದು. ಎರಡನ್ನೂ ನಾವು ಪರೀಕ್ಷೆ ಮಾಡಿ ನೋಡಿದೆವು. ಆಟದ ಒಂದೇ ನಕ್ಷೆ, ಒಂದೇ ಸೆಟ್ಟಿಂಗ್. ನಿಮ್ಮ ಕಾರ್ಡನ್ನು ಹನ್ನೆರಡನೇ ತಲೆಮಾರಿನ ನನ್ನ ಹೊಸ ಯಂತ್ರಕ್ಕೆ ಹಾಕಿದಾಗ ವಿಂಡೋಸ್ 11ರಲ್ಲಿ 188 ಫ್ರೇಮ್ ಬಂತು, ಅದೇ ಯಂತ್ರದಲ್ಲಿ ಲಿನಕ್ಸ್‌ನಲ್ಲಿ 171. ಹಳೆಯ ಯಂತ್ರದಲ್ಲಿ ವಿಂಡೋಸ್ 10 ಇದ್ದ ಹಳೆಯ ಡಿಸ್ಕ್ ಜೋಡಿಸಿ ನೋಡಿದರೆ 66, ಲಿನಕ್ಸ್‌ನಲ್ಲಿ 61. ಅಂದರೆ ಇಲ್ಲಿ ತಪ್ಪು ಲಿನಕ್ಸ್‌ನದಲ್ಲ. ಇನ್ನು ಪ್ರೊಸೆಸರ್ ಮಾತು. ಬೇಸಿಗೆಯಲ್ಲಿ ಉಳಿದುಕೊಂಡಿತ್ತು ಎಂದೆನಲ್ಲ, ಆ ಏಳು ವರ್ಷದ ಹಳೆಯ ಕಾರ್ಡನ್ನು ಅದೇ ಹಳೆಯ ಯಂತ್ರಕ್ಕೆ, ಅದೇ ಲಿನಕ್ಸ್ ಮೇಲೆ ಹಾಕಿದೆವು. 92 ಫ್ರೇಮ್ ಬಂತು, ತಡೆಯದೆ ಬಂತು. ಪ್ರೊಸೆಸರ್ ಕೈಲಾಗದಿದ್ದರೆ ಆ ಕಾರ್ಡಿಗೂ ಆಗುತ್ತಿರಲಿಲ್ಲ.

ನಿಜವಾದ ಕಾರಣ ನಿಮ್ಮ ಪೆಟ್ಟಿಗೆಯ ಮೇಲೆ ಬರೆಯದೆ ಬಿಟ್ಟ ಎರಡು ಸಂಗತಿಗಳು. ಹಳೆಯ ಕಾರ್ಡ್ ಮದರ್‌ಬೋರ್ಡಿನ ಜೊತೆ ಮಾಹಿತಿ ಸಾಗುವ 16 ದಾರಿಗಳಲ್ಲಿ, ಅಂದರೆ 16 ಲೇನ್‌ಗಳಲ್ಲಿ ಮಾತಾಡುತ್ತದೆ. ನಿಮ್ಮದು ನೋಡಲು ಅಷ್ಟೇ ಉದ್ದದ ಕನೆಕ್ಟರ್, ಆದರೆ ಒಳಗೆ ಜೋಡಣೆ ಇರುವುದು ಎಂಟೇ ಲೇನ್‌ಗೆ. ಕಾರ್ಡನ್ನು ಬೋರ್ಡಿಗೆ ಜೋಡಿಸುವ ಪಿಸಿಐಇ ವ್ಯವಸ್ಥೆಯ 4.0 ಆವೃತ್ತಿ ಇರುವ ಬೋರ್ಡಿನಲ್ಲಿ ಎಂಟು ಲೇನ್ ಸಾಲುತ್ತದೆ, ಏಕೆಂದರೆ ಅಲ್ಲಿ ಪ್ರತಿ ಲೇನಿನ ವೇಗ 3.0ಕ್ಕಿಂತ ಎರಡು ಪಟ್ಟು. ಏಳನೇ ತಲೆಮಾರಿನ ಬೋರ್ಡುಗಳಲ್ಲಿ ಇರುವುದು 3.0, ಅಲ್ಲಿ ಒಂದು ಲೇನಿಗೆ ಸೆಕೆಂಡಿಗೆ ಸುಮಾರು 1 ಜಿಬಿ ಅಷ್ಟೇ. ಎರಡನೆಯದು ರಿಸೈಜಬಲ್ ಬಾರ್. ಅದು ಇಲ್ಲದ ಬೋರ್ಡಿನಲ್ಲಿ ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನು ಒಂದು ಸಲಕ್ಕೆ 256 ಎಂಬಿಯ ಕಿಂಡಿಯಿಂದಷ್ಟೇ ಮುಟ್ಟಬಲ್ಲದು. ಹಳೆಯ ಕಾರ್ಡುಗಳು ಆ ಕಿಂಡಿಗೆ ಹೊಂದಿಕೊಂಡೇ ಹುಟ್ಟಿದವು, ನಿಮ್ಮ ಕಾರ್ಡ್ ಹಾಗಲ್ಲ. ಹೊಸ ಯಂತ್ರದ ಬಯೋಸ್‌ನಲ್ಲಿ ಈ ರಿಸೈಜಬಲ್ ಬಾರ್ ಒಂದನ್ನೇ ಬಂದ್ ಮಾಡಿ ನೋಡಿದೆವು. 188 ಇದ್ದದ್ದು 121ಕ್ಕೆ ಇಳಿಯಿತು. ಇಷ್ಟು ದೊಡ್ಡ ವ್ಯತ್ಯಾಸ ಮಾಡುವ ಸಂಗತಿಗೆ ಪೆಟ್ಟಿಗೆಯ ಮೇಲೆ ಒಂದು ಸಾಲಿನ ಜಾಗ ಇರಲಿಲ್ಲವೇ? ಆ ಒಂದು ಸಾಲು ಓದಿದ್ದರೆ ನಾನು ಈ ಕಾರ್ಡ್ ಕೊಳ್ಳುತ್ತಲೇ ಇರಲಿಲ್ಲ.

ಡಿಸೆಂಬರ್ 8ರಂದು ನಿಮ್ಮವರ ಸೂಚನೆಯಂತೆ ನನ್ನ ತಮ್ಮ ಒಂದು ಕಾರ್ಡ್ ಹಿಡಿದುಕೊಂಡು ಬಸ್ಸಿನಲ್ಲಿ ಹೈದರಾಬಾದಿನ ಸರ್ವಿಸ್ ಸೆಂಟರ್‌ಗೆ ಹೋದ. ಹೋಗಲೇ 200 ಕಿಲೋಮೀಟರಿಗೂ ಹೆಚ್ಚು. ಅಲ್ಲಿನವರು ತಮ್ಮಲ್ಲಿದ್ದ ವಿಂಡೋಸ್ ಯಂತ್ರಕ್ಕೆ ಹಾಕಿ, ಹತ್ತು ನಿಮಿಷ ಓಡಿಸಿ, "ಯಾವ ದೋಷವೂ ಕಂಡುಬಂದಿಲ್ಲ" ಎಂದು ಚೀಟಿ ಬರೆದುಕೊಟ್ಟರು. ಲಿನಕ್ಸ್ ಮೇಲೆ ನೋಡಿರಿ ಎಂದು ಕೇಳಿದ್ದಕ್ಕೆ, ನಮ್ಮಲ್ಲಿ ಲಿನಕ್ಸ್ ಯಂತ್ರವೇ ಇಲ್ಲ ಎಂದರು. ಮಾನ್ಯರೇ, ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟ ಮಾತು ಇದೇ. ಪರೀಕ್ಷಿಸಲು ಒಂದು ಯಂತ್ರ ಇಡದವರು ಸಂಪೂರ್ಣ ಬೆಂಬಲ ಎಂದು ಹೇಗೆ ಬರೆಯುತ್ತೀರಿ? ಅವತ್ತು ಅವನು ಮನೆಗೆ ಬಂದಾಗ ರಾತ್ರಿ ಒಂದೂವರೆ. ಅವ್ವ ರೊಟ್ಟಿ ಮುಚ್ಚಿಟ್ಟುಕೊಂಡು ಕಾಯುತ್ತಿದ್ದಳು.

ನಿಮ್ಮ ತಪ್ಪಲ್ಲದ್ದನ್ನು ನಿಮ್ಮ ಮೇಲೆ ಹಾಕುವುದಿಲ್ಲ. ವ್ಯಾಲೊರಂಟ್ ಆಟ ಲಿನಕ್ಸ್‌ನಲ್ಲಿ ಓಡುವುದಿಲ್ಲ, ಆಟದಲ್ಲಿ ಮೋಸ ತಡೆಯುವ ಅದರ ಆಂಟಿ-ಚೀಟ್ ಸಾಫ್ಟ್‌ವೇರ್ ವಿಂಡೋಸ್‌ಗೇ ಕಟ್ಟುಬಿದ್ದಿದೆ. ಅದು ನನಗೆ ಮೊದಲೇ ಗೊತ್ತಿತ್ತು, ಅದಕ್ಕೆ ಹೊಸ ಯಂತ್ರಗಳಿವೆ. ಆದರೆ ಲಿನಕ್ಸ್ ಆಟಕ್ಕಲ್ಲ ಎಂಬ ನಿಮ್ಮವರ ಮಾತನ್ನು ಒಪ್ಪಲಾರೆ. ಕೌಂಟರ್ ಸ್ಟ್ರೈಕ್ 2, ಡೋಟಾ 2 ಲಿನಕ್ಸ್‌ಗೆಂದೇ ತಯಾರಾಗಿ ಬರುತ್ತವೆ. 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಎಂಬ ಸಾಫ್ಟ್‌ವೇರ್ ತಂದ ಮೇಲೆ ವಿಂಡೋಸ್‌ನ ಎಷ್ಟೋ ಆಟಗಳು, ವಿಂಡೋಸ್‌ನ ಗ್ರಾಫಿಕ್ಸ್ ಭಾಷೆ ಡೈರೆಕ್ಟ್‌ಎಕ್ಸ್‌ನ ಮಾತು ಲಿನಕ್ಸ್‌ಗೂ ತಿಳಿಯುವ ವಲ್ಕನ್‌ಗೆ ತರ್ಜುಮೆಯಾಗಿ, ಲಿನಕ್ಸ್‌ನಲ್ಲಿ ಓಡುತ್ತಿವೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ಕೈಯಲ್ಲಿ ಹಿಡಿಯುವ ಲಿನಕ್ಸ್ ಯಂತ್ರವೇ.

ಮ್ಯಾಕ್ ಗುರುತಿನ ಬಗ್ಗೆಯೂ ಒಂದು ಮಾತು. 2020ರ ನವೆಂಬರಿನಲ್ಲಿ ಬಂದ ಎಂ1ರಿಂದ ಈಚೆಗೆ ಆಪಲ್‌ನ ಸ್ವಂತ ಚಿಪ್ ಇರುವ ಮ್ಯಾಕ್‌ಗಳಲ್ಲಿ ಆಪಲ್ ಹೊರಗಿನ ಗ್ರಾಫಿಕ್ಸ್ ಕಾರ್ಡಿಗೆ ಬೆಂಬಲ ಕೊಟ್ಟಿಲ್ಲ. ನನ್ನ ಅಂಗಡಿಗೆ ಬರುವ ಒಬ್ಬ ವಿದ್ಯಾರ್ಥಿ ನಿಮ್ಮ ಗುರುತು ನೋಡಿ ತನ್ನ ಮ್ಯಾಕ್‌ಬುಕ್‌ಗೆ ಇದೇ ಕಾರ್ಡ್ ತರಿಸಬೇಕೆಂದಿದ್ದ. ನಾನೇ ತಡೆದೆ. ಆ ಗುರುತನ್ನು ಇವತ್ತೇ ತೆಗೆಯಿರಿ.

ಎಳ್ಳ ಅಮಾವಾಸ್ಯೆಯ ರಜೆಗೆ ಇಬ್ಬಿಬ್ಬರ ಎಂಟು ತಂಡಗಳ ಪಂದ್ಯ ಇಟ್ಟುಕೊಂಡಿದ್ದೆ. ಒಂದು ಆಟಕ್ಕೆ ನಾಲ್ಕು ಸಮ ಯಂತ್ರ ಬೇಕು, ನನ್ನಲ್ಲಿ ಇದ್ದವು ಮೂರು. ತಂಡಕ್ಕೆ 200ರಂತೆ ಪಡೆದಿದ್ದ 1,600 ರೂಪಾಯಿ ಹಿಂತಿರುಗಿಸಿದೆ. ಚರಗ ಚೆಲ್ಲಲು ಊರಿಗೆ ಹೋಗದೆ ಪಂದ್ಯಕ್ಕೆಂದು ಇಲ್ಲೇ ಉಳಿದಿದ್ದ ಹುಡುಗರ ಮುಖ ನೋಡುವುದು ಕಷ್ಟವಾಯಿತು.

ಮೂರೂ ಕಾರ್ಡ್‌ಗಳನ್ನು ನಿಮ್ಮ ಖರ್ಚಿನಲ್ಲಿ ಒಯ್ದು 73,500 ರೂಪಾಯಿ ಹಿಂತಿರುಗಿಸಿ, ಹೈದರಾಬಾದ್ ಪ್ರಯಾಣದ ಖರ್ಚು 1,140 ರೂಪಾಯಿ ಕೊಡಿ. ಜಾಲತಾಣದಲ್ಲಿ, ಪೆಟ್ಟಿಗೆಯ ಮೇಲೆ, ಲಿನಕ್ಸ್‌ಗೆ ಕನಿಷ್ಠ ಎಷ್ಟನೇ ಕರ್ನಲ್ ಮತ್ತು ಮೆಸಾ ಬೇಕು, ಕಾರ್ಡಿಗೆ ಎಷ್ಟು ಲೇನ್, ರಿಸೈಜಬಲ್ ಬಾರ್ ಇಲ್ಲದಿದ್ದರೆ ಏನಾಗುತ್ತದೆ, ಫ್ರೇಮ್ ಲೆಕ್ಕ ಯಾವ ಯಂತ್ರದ್ದು ಎಂದು ಬರೆಯಿರಿ. ಹಣದಷ್ಟೇ ಇದೂ ನನಗೆ ಮುಖ್ಯ. ಹಳೆಯ ಯಂತ್ರವನ್ನು ಇನ್ನಷ್ಟು ವರ್ಷ ನಡೆಸಬೇಕೆಂದು ಲಿನಕ್ಸ್‌ಗೆ ಬರುವವರೇ ಇಂಥ ಕಾರ್ಡಿಗೆ ಕೈಹಾಕುತ್ತಾರೆ, ಪೆಟ್ಟು ಬೀಳುವುದೂ ಅವರಿಗೇ.

ವ್ಯಾಪಾರಕ್ಕೆ ಕೊಂಡಿದ್ದರಿಂದ ನಾನು ಗ್ರಾಹಕಳೇ ಅಲ್ಲ ಎಂದೂ ನಿಮ್ಮವರೊಬ್ಬರು ಹೇಳಿದರು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(7)ರ ವಿವರಣೆಯನ್ನು ಓದಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ಬಳಸುವ ವಸ್ತು ವಾಣಿಜ್ಯ ಉದ್ದೇಶದ್ದಲ್ಲ. ಅದೇ ಕಾಯ್ದೆಯ ಕಲಂ 34ರ ಪ್ರಕಾರ ನಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ, ಕಲಬುರಗಿಯ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ.

ಬಿಲ್ಲು, ನಿಮ್ಮ ಮೂರು ಇಮೇಲ್, ಸರ್ವಿಸ್ ಸೆಂಟರಿನ ಚೀಟಿ, ನವೆಂಬರ್‌ನಲ್ಲಿ ತೆಗೆದಿಟ್ಟ ನಿಮ್ಮ ಜಾಲತಾಣದ ಚಿತ್ರ, ಪರೀಕ್ಷೆಯ ವೀಡಿಯೊ ಇರುವ ಪೆನ್‌ಡ್ರೈವ್ ಜೊತೆಗಿಟ್ಟಿದ್ದೇನೆ. ಕಾರ್ಡುಗಳನ್ನು ಬಿಚ್ಚಿ ಅವುಗಳ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಒಯ್ಯಲು ಬರುವವರು ಬೆಳಿಗ್ಗೆ 11ರಿಂದ ರಾತ್ರಿ 9ರ ನಡುವೆ ಯಾವಾಗ ಬಂದರೂ ನಾನೋ ನನ್ನ ತಮ್ಮನೋ ಅಂಗಡಿಯಲ್ಲೇ ಇರುತ್ತೇವೆ.

ತಮ್ಮ ವಿಶ್ವಾಸಿ,
ಗೇಮಿಂಗ್ ಪಾರ್ಲರ್ ಮಾಲೀಕಳು
ಸೂಪರ್ ಮಾರ್ಕೆಟ್ ಪ್ರದೇಶ, ಕಲಬುರಗಿ