ಹೊಡೆದುಹಾಕಿದ ಸಾಲು

ಜೂನ್ 2021

ಚಿ. ಪುಟ್ಟುವಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಆರು ದಿನವಾಯಿತು. ನೀನು ಕೆಲಸಕ್ಕಿದ್ದ ಬಾರು ಮುಚ್ಚಿದ್ದು, ಬಾಡಿಗೆ ಬಾಕಿ ನಿಂತದ್ದು ಎಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಳು, ಅದನ್ನು ಮತ್ತೆ ಕೆದಕುವುದಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಪುಟದಲ್ಲಿ ನೀನು ಬರೆದು ಆಮೇಲೆ ಹೊಡೆದುಹಾಕಿದ ಸಾಲು. ಎರಡು ಗೀಟು ಎಳೆದಿದ್ದೀಯ. ಆದರೂ ಕಿಟಕಿಯ ಬೆಳಕಿಗೆ ಹಿಡಿದರೆ ಓದಲು ಬರುತ್ತದೆ: “ನಮ್ಮದು ಅಗತ್ಯವಿಲ್ಲದ ಕೆಲಸವಂತೆ ಮಾವ. ಹಾಗಾದರೆ ಒಂಬತ್ತು ವರ್ಷ ನಾನು ಮಾಡಿದ್ದೇನು?”

ಹೊಡೆದುಹಾಕಿದ್ದನ್ನು ಓದಬಾರದಿತ್ತೇನೋ. ಓದಿಬಿಟ್ಟೆ. ಇನ್ನು ಉತ್ತರ ಬರೆಯದೆ ಇರಲಾರೆ.

ಕಳೆದ ವರ್ಷ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಈ ಕೊರೊನಾವನ್ನು ಜಾಗತಿಕ ಪಿಡುಗು ಎಂದು ಸಾರಿದ ಮೇಲೆ ದೇಶದೇಶಗಳಲ್ಲೂ ಎರಡು ಪಟ್ಟಿಗಳಾದವು, ತೆರೆದಿರಬೇಕಾದದ್ದು, ಮುಚ್ಚಬೇಕಾದದ್ದು. ಪಟ್ಟಿ ಬರೆದವರು ಅವಸರದಲ್ಲಿ ಒಂದು ಪದ ಹುಡುಕಿಕೊಂಡರು. ಆ ಪದ ನಿನ್ನ ಎದೆಗೆ ಬಂದು ನಾಟುತ್ತದೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಬಾಗಿಲು ಹಾಕಿಸಿದ ಕಾರಣವೇ ಬೇರೆ, ಪುಟ್ಟು. ಮಾಸ್ಕ್ ಹಾಕಿಕೊಂಡು ಯಾರೂ ಉಣ್ಣಲಾರರು, ಕುಡಿಯಲಾರರು. ನಾಲ್ಕು ಗೋಡೆಯೊಳಗೆ ಜನ ಹತ್ತಿರ ಹತ್ತಿರ ಕೂತು, ಗಲಾಟೆಯಲ್ಲಿ ಕೇಳಿಸಲೆಂದು ದನಿ ಏರಿಸಿ, ಗಂಟೆಗಟ್ಟಲೆ ಮಾತಾಡುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2020ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಸೋಂಕು ತಗುಲಿದವರು ಅದಕ್ಕೆ ಹಿಂದಿನ ದಿನಗಳಲ್ಲಿ ಹೋಟೆಲಿನಲ್ಲಿ ಉಂಡು ಬಂದಿದ್ದ ಸಾಧ್ಯತೆ, ಸೋಂಕಿಲ್ಲದವರಿಗಿಂತ ಸುಮಾರು ಎರಡು ಪಟ್ಟು ಎಂದು ಅದರಲ್ಲಿತ್ತು. ಇಷ್ಟು ದೊಡ್ಡ ಪಿಡುಗಿನ ನಡುವೆಯೂ ಜನ ನಿಮ್ಮ ಮೇಜುಗಳಿಗೆ ಬರುವುದನ್ನು ಬಿಡಲಿಲ್ಲ, ಅದಕ್ಕೇ ಬೀಗ ಬಿತ್ತು. ಯಾರಿಗೂ ಬೇಡದ ಜಾಗವಾಗಿದ್ದರೆ ಬೀಗ ಯಾಕೆ ಬೇಕಿತ್ತು?

ನೂರು ವರ್ಷದ ಹಿಂದೆಯೂ ಹೀಗೇ ಆಗಿದೆ. 1918ರ ಅಕ್ಟೋಬರಿನಲ್ಲಿ ಇನ್‌ಫ್ಲುಯೆಂಜಾ ಬಂದಾಗ ಫಿಲಡೆಲ್ಫಿಯಾ ನಗರದ ಬಾರುಗಳನ್ನು ಮುಚ್ಚಿಸಿದರು. ಅದೇ ವಾರ ಶಾಲೆಗಳಿಗೂ ಚರ್ಚುಗಳಿಗೂ ಬೀಗ ಬಿತ್ತು. ಮೇಷ್ಟ್ರ ಕೆಲಸ ಅಗತ್ಯವಿಲ್ಲದ್ದೆಂದು ಆಗ ಯಾರಾದರೂ ಅಂದಿದ್ದರೆ ನೀನು ನಂಬುತ್ತಿದ್ದೆಯಾ?

ಇದನ್ನೆಲ್ಲ ಓದಿ ತಿಳಿದುಕೊಂಡವನಂತೆ ಬರೆಯುತ್ತಿದ್ದೇನೆ. ಆದರೆ ಆ ಪ್ರಶ್ನೆ ನನ್ನನ್ನೂ ಕೇಳಿದಂತಿತ್ತು. ಹದಿನಾಲ್ಕು ವರ್ಷ ನಾನೂ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವನಲ್ಲವೇ. ಒಂದು ಬೆಳಗ್ಗೆ ಪಾಳಿಗೆ ಹೋದರೆ ಶಟರಿಗೆ ಹೊಸ ಬೀಗ. ಮಾಲೀಕರು ಯಾರಿಗೂ ಒಂದು ಮಾತು ಹೇಳಿರಲಿಲ್ಲ, ಎರಡು ತಿಂಗಳ ಸಂಬಳ ಅಲ್ಲೇ ಉಳಿಯಿತು. ಅಷ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಒಂದಿದೆ.

ಪಾತ್ರೆ ತೊಳೆಯುವ ಹುಡುಗನೊಬ್ಬನಿದ್ದ. ನಾವೆಲ್ಲ ಅವನನ್ನು ‘ಮರಿ’ ಎಂದೇ ಕರೆಯುತ್ತಿದ್ದೆವು. ಬೀಗ ಬಿದ್ದು ಎರಡು ವಾರಕ್ಕೆ ಮನೆ ಹುಡುಕಿಕೊಂಡು ಬಂದ. ಬೇರೆ ಎಲ್ಲಾದರೂ ಕೆಲಸವಿದ್ದರೆ ಒಂದು ಮಾತು ಹೇಳಿ ಎಂದು ಕೇಳಲು ಬಂದಿದ್ದ. ನಾನು ಒಳಗೇ ಕೂತು, “ಅಣ್ಣ ಮನೇಲಿಲ್ಲ ಅನ್ನು” ಎಂದು ನಿಮ್ಮಮ್ಮನ ಬಾಯಲ್ಲಿ ಹೇಳಿಸಿದೆ. ಅವಳಿಗಾಗ ಹನ್ನೆರಡೋ ಹದಿಮೂರೋ. ನನ್ನ ಹತ್ತಿರ ದುಡ್ಡಿರಲಿಲ್ಲ, ನಿಜ. ಆದರೆ ಅಡಗಿ ಕೂತದ್ದು ಅದಕ್ಕಲ್ಲ. ಯಾರಿಗೂ ಬೇಡದವನಾಗಿದ್ದೇನೆ, ಈ ಮುಖವನ್ನು ಅವನಿಗೆ ಹೇಗೆ ತೋರಿಸಲಿ ಎಂದು. ನೀನು ಗೀಟೆಳೆದ ಅದೇ ಸಾಲು ಅವತ್ತು ನನ್ನ ತಲೆಯಲ್ಲಿತ್ತು. ಅವನು ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು, ನೀರು ಕೇಳಿ ಕುಡಿದು, ಹೋದ. ಲೋಟ ತೊಳೆದು ಬೋರಲು ಹಾಕಿ ಹೋಗಿದ್ದ.

ಅದಕ್ಕೇ ಕೇಳುತ್ತೇನೆ. ನಿಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವರು ಈಗ ಎಲ್ಲಿದ್ದಾರೆ? ಫೋನ್ ಮಾಡಿದೆಯಾ? ಕೊಡಲು ಏನೂ ಇಲ್ಲದಿದ್ದರೂ ಮಾಡು.

ನೀನು ಎರಡು ವರ್ಷದ ಹಿಂದೆ ಬರೆದದ್ದನ್ನು ಹುಡುಕಿ ತೆಗೆದೆ. ಕೌಂಟರಿನಲ್ಲಿ ಒಬ್ಬ ಒಂದೇ ಸಮನೆ ಕುಡಿಯುತ್ತಿದ್ದನೆಂದೂ, ನೀನು ಮೆಲ್ಲಗೆ ಮಾತಿಗೆಳೆದು, ಗ್ಲಾಸು ತುಂಬುವುದನ್ನು ನಿಲ್ಲಿಸಿ, ಗಾಡಿಯ ಕೀ ತೆಗೆದಿಟ್ಟುಕೊಂಡು, ಅವನ ತಮ್ಮನಿಗೆ ಫೋನ್ ಮಾಡಿಸಿದೆಯೆಂದೂ ಬರೆದಿದ್ದೆ. ಆ ಮನೆಯವರನ್ನು ಕೇಳು, ನಿನ್ನದು ಯಾವ ಪಟ್ಟಿಯ ಕೆಲಸ ಎಂದು. ಇನ್ನೊಂದು, ಇದು ನಾನು ತಡವಾಗಿ ತಿಳಿದದ್ದು: ರೆಸ್ಟೋರೆಂಟ್ ಎಂಬ ಪದಕ್ಕೆ ಮೊದಲು ಅರ್ಥ ಜಾಗವೇ ಅಲ್ಲವಂತೆ. 18ನೇ ಶತಮಾನದ ಪ್ಯಾರಿಸ್ಸಿನಲ್ಲಿ ಬಳಲಿದವರಿಗೆ ತ್ರಾಣ ಬರಲೆಂದು ಕೊಡುತ್ತಿದ್ದ ಸಾರಿಗೆ ಆ ಹೆಸರಿತ್ತು. ಸಾರಿನ ಹೆಸರೇ ಆಮೇಲೆ ಅದನ್ನು ಬಡಿಸುವ ಮನೆಗೆ ನಿಂತಿತು.

ಬುದ್ಧಿವಾದ ಹೇಳುವಷ್ಟು ನಾನೇನೂ ಗೆದ್ದವನಲ್ಲ, ಆದರೂ ಒಂದೆರಡು ಮಾತು. ಸಂಬಳದ ಚೀಟಿಗಳನ್ನು ಎಸೆಯಬೇಡ. ಟಿಪ್ಸ್ ಅದರಲ್ಲಿ ಕಾಣುವುದಿಲ್ಲ, ಹಾಗಾಗಿ ಚೀಟಿ ನೋಡಿ ಯಾರಾದರೂ ಪರಿಹಾರ ಲೆಕ್ಕ ಹಾಕಿದರೆ ನಿನ್ನ ನಿಜವಾದ ಗಳಿಕೆಗಿಂತ ಕಡಿಮೆಯೇ ಬರುತ್ತದೆ. ನೆನಪಿರುವಾಗಲೇ ಪಾಳಿಯ ಗಂಟೆಗಳನ್ನೂ ಟಿಪ್ಸನ್ನೂ ಬರೆದಿಡು, ಎಂದಾದರೂ ಬೇಕಾಗಬಹುದು. ಬಾಡಿಗೆಯ ವಿಷಯ ಮನೆಯವರು ಕೇಳುವ ಮೊದಲೇ ನೀನೇ ಹೋಗಿ ಮಾತಾಡು. ರಾತ್ರಿ ಎರಡರವರೆಗೆ ಕಣ್ಣು ಮುಚ್ಚುವುದಿಲ್ಲ ಎಂದು ನಿನ್ನನ್ನೇ ಬೈದುಕೊಳ್ಳಬೇಡ, ಒಂಬತ್ತು ವರ್ಷ ಆ ಹೊತ್ತಿಗೆ ನಿಂತ ದೇಹ ಅದು. ಆದರೆ ಆ ಹೊತ್ತಿನಲ್ಲಿ ಒಬ್ಬನೇ ಬಾಟಲಿ ಮುಂದಿಟ್ಟುಕೊಂಡು ಕೂರಬೇಡಪ್ಪ. ಇದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ತಪ್ಪು ತಿಳಿಯಬೇಡ. ಆ ವರ್ಷ ನಾನು ಹಾಗೆ ಕೂತಿದ್ದೇನೆ.

ಇನ್ನೂ ಒಂದನ್ನು ಬಚ್ಚಿಡಲಾರೆ. ಕ್ಯಾಲಿಫೋರ್ನಿಯಾದಲ್ಲಿ 2020ರ ಮಾರ್ಚಿನಿಂದ ಅಕ್ಟೋಬರಿನವರೆಗೆ ಯಾವ ಕಸುಬಿನವರು ಎಷ್ಟು ಮಂದಿ ತೀರಿಕೊಂಡರೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಪಿಡುಗು ಇಲ್ಲದಿದ್ದರೆ ಆಗಬಹುದಾಗಿದ್ದ ಸಾವುಗಳಿಗಿಂತ ಅಡುಗೆಯವರಲ್ಲಿ ಶೇಕಡ 60ರಷ್ಟು ಹೆಚ್ಚು. ಇಕ್ಕಟ್ಟಿನ ಅಡುಗೆಮನೆ, ಭುಜಕ್ಕೆ ಭುಜ ತಾಗಿಸಿ ದುಡಿಮೆ, ಜ್ವರ ಬಂದರೂ ರಜೆ ಹಾಕಿದರೆ ಸಂಬಳವಿಲ್ಲ. ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಅದನ್ನು ಓದಿದ ದಿನ, ನಿನ್ನ ಕೆಲಸ ಹೋದದ್ದೇ ಒಳ್ಳೆಯದಾಯಿತು ಎಂದು ಒಂದು ಗಳಿಗೆ ಅನ್ನಿಸಿತು. ನಿನ್ನ ಕಷ್ಟದ ಮುಂದೆ ಅದು ಸ್ವಾರ್ಥ, ಗೊತ್ತು. ಪಟ್ಟಿಯಲ್ಲಿ ನೀನು ಎಲ್ಲಾದರೂ ಇರು, ಈ ಮನೆಗೆ ನೀನು ಜೀವಸಹಿತ ಬೇಕು.

ಮುಂದಿನ ಕಾಗದದಲ್ಲಿ ಏನನ್ನೂ ಹೊಡೆದುಹಾಕಬೇಡ. ಹಾಗೇ ನಿಮ್ಮಮ್ಮನನ್ನು ಒಂದು ಮಾತು ಕೇಳಿ ಬರೆ. ಅವತ್ತು ಬಾಗಿಲಲ್ಲಿ ಆ ಹುಡುಗ ತನ್ನ ನಿಜವಾದ ಹೆಸರು ಹೇಳಿದ್ದ. ಒಳಗಿದ್ದ ನನಗೆ ಸರಿಯಾಗಿ ಕೇಳಿಸಲಿಲ್ಲ. ಅವಳಿಗೆ ನೆನಪಿರಬಹುದು.

ಇಂತಿ,
ನಿನ್ನ ಮಾವ