ರಾಜೀನಾಮೆ ಪತ್ರಕ್ಕೆ ಮೊದಲು ಒಂದು ನೋಟ್‌ಬುಕ್

ಮಾನ್ಯ ಸಂಪಾದಕರೇ,

ಕೈತುಂಬ ಸಂಬಳದ ಕೆಲಸ ಬಿಟ್ಟು ಊರಿಗೆ ಬಂದು ಗೆದ್ದವರ ಕಥೆಗಳು ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತವೆ. ಅವುಗಳ ಮೇಲೆ ನಮಗೆ ಸಿಟ್ಟೇನಿಲ್ಲ. ಆದರೆ ಆ ಕಥೆಗಳಲ್ಲಿ ರಾಜೀನಾಮೆ ಕೊಟ್ಟ ದಿನ ಇರುತ್ತದೆ, ಮೊದಲ ಲಾಭ ಎಣಿಸಿದ ದಿನ ಇರುತ್ತದೆ. ನಡುವಿನ ಒಂದೂವರೆ ವರ್ಷ ಒಂದೇ ಸಾಲಿನಲ್ಲಿ ಮುಗಿದುಹೋಗಿರುತ್ತದೆ. ಬೆಳಗಿನ ಜಾವ ಮಂಡ್ಯ ಸ್ಟೇಷನ್ನಿನಲ್ಲಿ ಸೀಸನ್ ಪಾಸ್ ಹಿಡಿದು ಬೆಂಗಳೂರಿನ ರೈಲಿಗೆ ಕಾಯುವವರಿಗೆ, ಮೈಸೂರಿನ ಹೆಬ್ಬಾಳ, ಹೂಟಗಳ್ಳಿಗಳಲ್ಲಿ ಶಿಫ್ಟ್ ಮಾಡುವವರಿಗೆ ಅದರಿಂದ ದಾಟುವ ಮಾತು ಒಂದೇ: ಎದೆ ಡವಡವ ಅನ್ನುತ್ತಿದ್ದರೆ ಕೆಲಸ ಬಿಡು. ಆಪ್ತಸಮಾಲೋಚನೆಯ ಕೆಲಸದಲ್ಲಿರುವ ನಾವು ಇದನ್ನು ಒಪ್ಪುವುದಿಲ್ಲ. ಆತಂಕ ಇಳಿಸುವುದು ಒಂದು ಕೆಲಸ, ಬದುಕಿನ ದಾರಿ ಬದಲಿಸುವುದು ಇನ್ನೊಂದು. ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಕೈಹಾಕಿದರೆ, ಆಫೀಸಿನಲ್ಲಿದ್ದ ಭಯವೇ ಹೊಸ ಅಂಗಡಿಯ ಗಲ್ಲಾದ ಪಕ್ಕ ಬಂದು ಕೂರುತ್ತದೆ.

ಮೊದಲು ದೇಹದ ಲೆಕ್ಕ ಮುಗಿಸಿಕೊಳ್ಳಿ. ಕೈನಡುಕ, ಎದೆಬಡಿತ, ಬೆವರು, ತೂಕ ಇಳಿಯುವುದು ಇವೆಲ್ಲ ಥೈರಾಯ್ಡ್ ಹೆಚ್ಚಾದರೂ ಕಾಣುತ್ತವೆ. ರಕ್ತಹೀನತೆಯಿದ್ದರೂ ಎರಡು ಮಹಡಿ ಹತ್ತುವಷ್ಟರಲ್ಲಿ ಎದೆ ಹೊಡೆದುಕೊಳ್ಳುತ್ತದೆ. ಥೈರಾಯ್ಡ್‌ಗೆ ಟಿಎಸ್‌ಎಚ್ ರಕ್ತಪರೀಕ್ಷೆ, ರಕ್ತಹೀನತೆಗೆ ಹಿಮೋಗ್ಲೋಬಿನ್, ವೈದ್ಯರು ಬೇಕೆಂದರೆ ಒಂದು ಇಸಿಜಿ, ಇಷ್ಟು ಮಾಡಿಸದೆ 'ಇದು ಟೆನ್ಷನ್ ಅಷ್ಟೇ' ಎಂದು ತೀರ್ಮಾನಿಸಬೇಡಿ. ಎದೆನೋವು ತೋಳಿಗೋ ದವಡೆಗೋ ಹಬ್ಬಿದರೆ ಉಸಿರಾಟದ ಅಭ್ಯಾಸ ಮಾಡುತ್ತ ಕೂರುವಂತಿಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇನ್ನು ಕಾಫಿ. ಮೈಸೂರಿನವರಿಗೆ ಕಾಫಿ ಬಿಡಿ ಎನ್ನುವ ಧೈರ್ಯ ನಮಗಿಲ್ಲ, ಹೊತ್ತು ಬದಲಿಸಿ ಎನ್ನುತ್ತೇವೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಐದು ತಾಸು ಬೇಕು. ಸಂಜೆ ಐದಕ್ಕೆ ಕುಡಿದ ಸ್ಟ್ರಾಂಗ್ ಕಾಫಿಯ ಅರ್ಧ ರಾತ್ರಿ ಹತ್ತಕ್ಕೂ ಒಳಗೇ ಇರುತ್ತದೆ. ಆ ಎದೆಬಡಿತವನ್ನು ಮನಸ್ಸು ನಾಳಿನ ಮೀಟಿಂಗಿನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಮಧ್ಯಾಹ್ನ ಎರಡರ ನಂತರದ ಲೋಟಗಳನ್ನು ಮೂರು ದಿನಕ್ಕೊಂದರಂತೆ ಕಡಿಮೆ ಮಾಡಿ. ಒಮ್ಮೆಲೇ ನಿಲ್ಲಿಸಿದರೆ ತಲೆನೋವು ಬಂದು ಎರಡನೇ ದಿನವೇ ವ್ರತ ಮುರಿಯುತ್ತದೆ.

'ಚಿಂತೆ ಮಾಡಬೇಡಿ' ಎಂಬುದು ಸಲಹೆಯೇ ಅಲ್ಲ. ಯಾವುದನ್ನು ನೆನೆಯಬಾರದು ಅಂದುಕೊಳ್ಳುತ್ತೇವೋ ಅದು ಬಂತೇ ಎಂದು ಮನಸ್ಸು ಬಾಗಿಲಲ್ಲೇ ನಿಂತು ನೋಡುತ್ತಿರುತ್ತದೆ. ಅದರ ಬದಲು ಚಿಂತೆಗೆ ಒಂದು ಹೊತ್ತು, ಒಂದು ಜಾಗ ಗೊತ್ತುಮಾಡಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಈ ವಿಧಾನವನ್ನು ಆತಂಕದ ಚಿಕಿತ್ಸೆಯಲ್ಲಿ ಇಂದಿಗೂ ಬಳಸುತ್ತಾರೆ. ಮಾಡುವುದು ಹೀಗೆ. ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಹಗಲಲ್ಲಿ ಚಿಂತೆ ಬಂದಾಗ ಒಂದೇ ಒಂದು ಸಾಲು ಬರೆದು, ಪಕ್ಕದಲ್ಲಿ 'ಸಂಜೆಗೆ' ಎಂದು ಹಾಕಿ ಕೆಲಸಕ್ಕೆ ಮರಳಿ. ಸಂಜೆ ಆರೂವರೆಗೋ ಏಳಕ್ಕೋ, ದಿನವೂ ಅದೇ ಕುರ್ಚಿಯಲ್ಲಿ, 20ರಿಂದ 30 ನಿಮಿಷ ಆ ಸಾಲುಗಳನ್ನು ಒಂದೊಂದಾಗಿ ತೆಗೆಯಿರಿ. ಕೆಲವು ಅಷ್ಟರಲ್ಲೇ ಸತ್ತಿರುತ್ತವೆ, ಅಡ್ಡಗೆರೆ ಎಳೆಯಿರಿ. ಉಳಿದವುಗಳ ಮುಂದೆ 'ಮಾ' ಅಥವಾ 'ಕಾ' ಎಂದು ಬರೆಯಿರಿ: ಮಾಡಬಹುದಾದದ್ದು, ಕಾಯಬೇಕಾದದ್ದು. 'ಮಾ' ಇದ್ದರೆ ಒಂದು ಸಣ್ಣ ಕೆಲಸ, ಅದರ ದಿನ, ಗಂಟೆ ಬರೆಯಿರಿ. 'ಕಾ' ಇದ್ದರೆ ಏನಾಗುತ್ತದೆಂದು ಹೆದರಿಕೆ, ಅದು ನೂರಕ್ಕೆ ಎಷ್ಟು ಖಚಿತ ಎಂದು ಬರೆದು, ಮುಂದೆ ಜಾಗ ಬಿಡಿ. ಆದ ಮೇಲೆ ಆದದ್ದನ್ನು ಅಲ್ಲಿ ತುಂಬಬೇಕು. ಒಂದು ಪುಟ ಹೀಗಿರಬಹುದು:

'ಮಂಗಳವಾರ. ಭಯ: ಕ್ಲೈಂಟ್ ಕಾಲ್‌ನಲ್ಲಿ ಉತ್ತರ ಹೊಳೆಯದೆ ಎಲ್ಲರ ಮುಂದೆ ಮಾನ ಹೋಗುತ್ತೆ. ಖಚಿತ: 80. ಆದದ್ದು: ಎರಡು ಪ್ರಶ್ನೆಗೆ ಗೊತ್ತಿರಲಿಲ್ಲ. ನಾಳೆ ಮೇಲ್ ಮಾಡ್ತೀನಿ ಅಂದೆ. ಓಕೆ ಅಂದರು.'

ಇಂಥ ಮೂವತ್ತು ನಲವತ್ತು ಸಾಲು ಕೂಡಿದ ಮೇಲೆ ತಿರುವಿ ನೋಡಿ. ಬೇರೆಯವರ ಸಮಾಧಾನದ ಮಾತಿಗಿಂತ ನಿಮ್ಮದೇ ಕೈಬರಹದ '80' ಎಷ್ಟು ಸಲ ಸುಳ್ಳಾಯಿತು ಎಂಬ ಎಣಿಕೆಗೆ ತೂಕ ಹೆಚ್ಚು. ಕೆಡುವುದು ಎಲ್ಲೆಂದರೆ, ಒಂದು, ಫೋನಿನಲ್ಲಿ ಬರೆಯಹೋಗುವುದು. ಬರೆಯಲು ತೆಗೆದ ಫೋನಿನಲ್ಲಿ ಆಫೀಸ್ ಗ್ರೂಪಿನ ಹನ್ನೊಂದು ಮೆಸೇಜ್ ಕಾಯುತ್ತಿರುತ್ತವೆ. ಇನ್ನೊಂದು, ಇದನ್ನು ಹಾಸಿಗೆಯಲ್ಲಿ ಮಾಡುವುದು. ಮಲಗುವ ಜಾಗ ಚಿಂತೆಯ ಜಾಗವಾದರೆ ದಿಂಬಿಗೆ ತಲೆ ಕೊಟ್ಟ ಕೂಡಲೇ ಎಚ್ಚರವಾಗುತ್ತದೆ. ಮೊದಲ ನಾಲ್ಕೈದು ದಿನ ಚಿಂತೆ ಜಾಸ್ತಿಯಾದಂತೆ ಅನ್ನಿಸುವುದೂ ಉಂಟು, ಏಕೆಂದರೆ ಮುಂಚೆ ಎಣಿಸುತ್ತಿರಲಿಲ್ಲ. ಎರಡು ವಾರಕ್ಕೆ ಮುಂಚೆ ತೀರ್ಪು ಕೊಡಬೇಡಿ.

ಮಲಗುವ ಮುನ್ನ ಬೇರೆಯದೇ ಒಂದು ಹಾಳೆ: ನಾಳೆ ಮಾಡಬೇಕಾದ ಕೆಲಸಗಳ ಪಟ್ಟಿ, ಐದು ನಿಮಿಷ. 2018ರಲ್ಲಿ ಪ್ರಕಟವಾದ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಒಂದು ಪ್ರಯೋಗದಲ್ಲಿ, ಹೀಗೆ ಪಟ್ಟಿ ಬರೆದವರು ಆ ದಿನ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ವಿವರವಾಗಿದ್ದಷ್ಟೂ ನಿದ್ದೆ ಬೇಗ ಬಂತು. ಹಾಗಾಗಿ 'ರಿಪೋರ್ಟ್' ಎಂದಷ್ಟೇ ಬರೆದರೆ ಸಾಲದು. 'ಹತ್ತೂವರೆಗೆ ರಿಪೋರ್ಟಿನ ಎರಡನೇ ಟೇಬಲ್' ಎಂದು ಬರೆಯಬೇಕು.

ಉಸಿರಿನ ಬಗ್ಗೆ ಒಂದು ಎಚ್ಚರಿಕೆ. 'ಜೋರಾಗಿ ಉಸಿರು ಎಳ್ಕೊ' ಎಂದು ಹೇಳಿಕೊಟ್ಟು ಗಾಬರಿಯಾದವರನ್ನು ಇನ್ನಷ್ಟು ಗಾಬರಿ ಮಾಡುತ್ತೇವೆ. ಬೇಗಬೇಗ ದೊಡ್ಡ ಉಸಿರು ತೆಗೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಸದ್ದಾಗದಂತೆ ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ. ಆರಾಮವಾಗಿದ್ದಾಗ ದಿನಕ್ಕೆರಡು ಸಲ ರೂಢಿ ಮಾಡಿದವರಿಗೆ ಮಾತ್ರ ಗಾಬರಿಯ ಹೊತ್ತಿನಲ್ಲಿ ಇದು ಕೈಗೆ ಸಿಗುತ್ತದೆ.

ಈಗ ಬದಲಾವಣೆಯ ಮಾತು. ನಾಲ್ಕು ವಾರ, ಪ್ರತಿ ಸಂಜೆ, ಆ ದಿನದ ಕಿರಿಕಿರಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಟ್ಟು, ಕಾರಣ ಮೂರರಲ್ಲಿ ಯಾವುದೆಂದು ಗುರುತು ಹಾಕಿ: ಕೆಲಸವೇ, ಮೇಲಿನವರೇ, ಓಡಾಟವೇ? ದಿನಕ್ಕೆ ನಾಲ್ಕೈದು ತಾಸು ರೈಲು ಬಸ್ಸಿನಲ್ಲಿ ಕಳೆಯುವವರ ಪುಟದಲ್ಲಿ ಮೂರನೆಯದೇ ತುಂಬಿದ್ದರೆ, ಬೇಕಾದದ್ದು ವಾರಕ್ಕೆ ಎರಡು ದಿನ ಮನೆಯಿಂದ ಕೆಲಸವೋ ಬೇರೆ ಶಿಫ್ಟೋ ಇರಬಹುದು. ಅದಕ್ಕೆ ಜಮೀನಿಗೆ ಇಳಿಯಬೇಕಿಲ್ಲ. ಅಪ್ರೈಸಲ್ ನಡೆಯುವ ವಾರ, ನೈಟ್ ಶಿಫ್ಟ್ ಮುಗಿದ ಬೆಳಿಗ್ಗೆ, ಮನೆಯಲ್ಲಿ ಜಗಳವಾದ ರಾತ್ರಿ ರಾಜೀನಾಮೆ ಟೈಪ್ ಮಾಡಬೇಡಿ. ನಿದ್ದೆಗೆಟ್ಟ ತಲೆಗೆ ಎರಡೇ ದಾರಿ ಕಾಣುತ್ತವೆ, ಇರುವುದು ಅಥವಾ ಹೋಗುವುದು.

ಹೋಗಬೇಕಾದದ್ದೇ ಎಂದು ಪುಟಗಳು ಹೇಳಿದರೆ, ಹೊಸ ಕೆಲಸವನ್ನು ಅದರ ಅತಿ ಕಷ್ಟದ ವಾರದಲ್ಲಿ ಮಾಡಿ ನೋಡಬೇಕು. ಹಿತವಾದ ವಾರದಲ್ಲಿ ನೋಡಿದರೆ ಅದು ಪ್ರವಾಸವಾಗುತ್ತದೆ. ನಮ್ಮ ಕಡೆ ಬಹಳ ಜನರ ಬಾಯಲ್ಲಿರುವ ರೇಷ್ಮೆಯನ್ನೇ ತೆಗೆದುಕೊಳ್ಳಿ. ಮೊಟ್ಟೆಯೊಡೆದ ಹುಳು ಗೂಡು ಕಟ್ಟುವಷ್ಟರಲ್ಲಿ 24ರಿಂದ 28 ದಿನ. ಅದರಲ್ಲಿ ನಾಲ್ಕನೇ ಜ್ವರದಿಂದ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲಿನ ಏಳೆಂಟು ದಿನದಲ್ಲೇ ಹುಳು ತನ್ನ ಪೂರ್ತಿ ಮೇವಿನ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ತಿನ್ನುತ್ತದೆ. ಬೆಳಿಗ್ಗೆ ಇಬ್ಬನಿ ಆರುತ್ತಲೇ ಹುಳುವಿನ ಮೇವಾದ ಹಿಪ್ಪುನೇರಳೆ ಸೊಪ್ಪು ಕುಯ್ಯುವುದು, ರಾತ್ರಿ ಮಲಗುವ ಮುಂಚೆ ಮತ್ತೊಂದು ಮೇವು, ಹುಳುವನ್ನು ಕೊಲ್ಲುವ ಊಜಿ ನೊಣ ಬಾರದಂತೆ ಕಿಟಕಿಯ ಬಲೆ ನೋಡುವುದು, ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆಗೆ ಬಿಡುವುದು. ಆ ವಾರಕ್ಕೇ ರಜೆ ಹಾಕಿ, ನೆಂಟರ ಹುಳುಮನೆಯಲ್ಲಿ ಕೂಲಿಯವರಂತೆ ದುಡಿಯಿರಿ. ಒಂದು ಬೆಳೆ ಹಾಲುತೊಂಡೆ, ಸುಣ್ಣಕಟ್ಟಿನಂಥ ಹುಳುರೋಗಕ್ಕೆ ಹೋದರೆ ಏನು ಮಾಡಿದಿರಿ ಎಂದು ಅವರನ್ನೇ ಕೇಳಿ. ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುವ ದಿನ ಜೊತೆಗೆ ಹೋಗಿ ಹರಾಜು ನೋಡಿ. ಆಮೇಲೆ ಬೇಕಾದರೆ ಮೈಸೂರಿನ ಶ್ರೀರಾಂಪುರದಲ್ಲಿರುವ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಲ್ಲಿ ತರಬೇತಿ ವಿಚಾರಿಸಬಹುದು. ತಿಂಡಿ, ಹಪ್ಪಳ, ಮಸಾಲೆಪುಡಿಯ ಕಡೆ ಮನಸ್ಸಿರುವವರಿಗೆ ಮೈಸೂರಿನದೇ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಅಲ್ಪಾವಧಿ ತರಬೇತಿಗಳಿವೆ.

ಹಣದ ಭಯಕ್ಕೆ ಹಣದ ಅಂಕಿಯೇ ಮದ್ದು. ಕಳೆದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಸರಾಸರಿ ಖರ್ಚು ಹಾಕಿ, ಅಂದಾಜು ಬೇಡ. ಮನೆಖರ್ಚು 36,000, ಸಾಲದ ಕಂತು 14,000 ಎಂದಾದರೆ ತಿಂಗಳಿಗೆ 50,000. ಎಷ್ಟು ತಿಂಗಳಿಗೆ ಬೇಕು ಎಂಬುದು ಬೆಳೆಯ ಮೇಲೆ ನಿಂತಿದೆ. ಹೊಸದಾಗಿ ನೆಟ್ಟ ಹಿಪ್ಪುನೇರಳೆ ಮೊದಲ ಕಟಾವಿಗೆ ಬರಲು ನಾಲ್ಕಾರು ತಿಂಗಳು. ಕಬ್ಬಿಗೆ ಹತ್ತರಿಂದ ಹನ್ನೆರಡು ತಿಂಗಳು, ಕಾರ್ಖಾನೆಯ ಬಿಲ್ ಕೈಸೇರುವುದು ಅದರ ಮೇಲೆ. ಕಬ್ಬು ನಂಬಿ ಹೊರಟವರು 18 ತಿಂಗಳ ಖರ್ಚು, ಅಂದರೆ ಈ ಲೆಕ್ಕದಲ್ಲಿ 9 ಲಕ್ಷ, ಬಂಡವಾಳದ ಹೊರತಾಗಿ ಇಟ್ಟುಕೊಂಡಿರಬೇಕು. ಅಷ್ಟಿಲ್ಲದಿದ್ದರೆ ಕನಸು ಸುಳ್ಳು ಅಂತಲ್ಲ, ತಾರೀಖು ಮುಂದೆ ಹೋಗುತ್ತದೆ. ಇನ್ನು ಬರಬೇಕಾದ ಸಂಬಳದಲ್ಲಿ ಮೂರು ತಿಂಗಳು ಹೊಸ ಬದುಕಿನ ಆದಾಯದಷ್ಟರಲ್ಲೇ ಮನೆ ನಡೆಸಿ ನೋಡಿ, ಮಿಕ್ಕದ್ದನ್ನು ಆ ಗಂಟಿಗೆ ಸೇರಿಸಿ.

ಕಾಗದಪತ್ರಗಳಲ್ಲಿ ಜನ ಕಳೆದುಕೊಳ್ಳುವುದು ಮೂರು ಕಡೆ. ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಕಂಪನಿ ಕೊಡುವ ಇಡಿಗಂಟಾದ ಗ್ರಾಚ್ಯುಟಿಗೆ ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷದ ಸತತ ಸೇವೆ ಬೇಕು. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 30,000 ಇದ್ದವರಿಗೆ ಐದು ವರ್ಷಕ್ಕೆ ಬರುವುದು 30,000 ಗುಣಿಸು 15, ಭಾಗಿಸು 26, ಗುಣಿಸು 5, ಅಂದರೆ 86,538 ರೂಪಾಯಿ. ನಾಲ್ಕೂವರೆ ವರ್ಷಕ್ಕೆ ಮುನಿಸಿಕೊಂಡು ಎದ್ದರೆ ಆರು ತಿಂಗಳ ತಾಳ್ಮೆಯ ಬೆಲೆ ಅಷ್ಟು. ಪಿಎಫ್ ಹಣವನ್ನು ಐದು ವರ್ಷದ ಸೇವೆಗೆ ಮುಂಚೆ ತೆಗೆದರೆ ತೆರಿಗೆ ಬೀಳುತ್ತದೆ, ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಇನ್ನೊಂದು ಕೆಲಸಕ್ಕೆ ಸೇರುವುದಾದರೆ ವರ್ಗಾಯಿಸಿಕೊಳ್ಳುವುದೇ ಮೇಲು. ಆಫೀಸಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನ ಹಣ ಸಿಗುವುದಿಲ್ಲ, ಮುಂಚಿನಿಂದ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ನೋಟಿಸ್ ಪಿರಿಯಡ್‌ಗೆ ಮೊದಲೇ ಸ್ವಂತ ಪಾಲಿಸಿ ಮಾಡಿಸಿ, ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಮುಚ್ಚಿಡದೆ ಬರೆಸಿ.

ಮನೆಯಲ್ಲಿ ಕೇಳಿಬರುವ ಮಾತು ಎಲ್ಲರಿಗೂ ಗೊತ್ತು. 'ಇಷ್ಟ್ ಓದ್ಸಿದ್ದು ಸೊಪ್ಪು ಕುಯ್ಯಕ್ಕಾ ಮಗಾ?' ಇದಕ್ಕೆ ವಾದದಿಂದ ಉತ್ತರವಿಲ್ಲ. ಅಪ್ಪ ಅಮ್ಮನ ಮುಂದೆ ಒಂದು ಹಾಳೆ ಇಡಿ: ಗಂಟು ಎಷ್ಟಿದೆ, ಎಷ್ಟು ತಿಂಗಳು ಬರುತ್ತದೆ, ಅದು ಎಷ್ಟಕ್ಕೆ ಇಳಿದರೆ ಮತ್ತೆ ಕೆಲಸ ಹುಡುಕುತ್ತೀರಿ. ಮೂರನೆಯ ಅಂಕಿಯನ್ನು ಹೊರಡುವ ಮುಂಚೆಯೇ, ತಲೆ ತಣ್ಣಗಿರುವಾಗ ಬರೆದಿಡಬೇಕು. ಸೋತ ಮೇಲೆ ಬರೆಯುವ ಗಡುವು ದಿನಾ ಮುಂದೆ ಜಾರುತ್ತದೆ.

ಇಷ್ಟಾದರೂ ಎರಡು ವಾರ ದಾಟಿ ನಿದ್ದೆ ಬಾರದಿದ್ದರೆ, ಕೆಲಸಕ್ಕೆ ಹೊರಡುವ ಹೊತ್ತಿಗೆ ವಾಂತಿ ಬರುವಂತಾಗುತ್ತಿದ್ದರೆ, ಸಂಜೆಯ ಕ್ವಾರ್ಟರ್ ಇಲ್ಲದೆ ಕಣ್ಣು ಮುಚ್ಚದಿದ್ದರೆ ನೋಟ್‌ಬುಕ್ ಸಾಲದು, ವೈದ್ಯರು ಬೇಕು. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬಾರದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಟೆಲಿ ಮನಸ್ ಸಹಾಯವಾಣಿ 14416, ಹಗಲು ರಾತ್ರಿ, ಕನ್ನಡದಲ್ಲೇ, ಪುಕ್ಕಟೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮಕ್ಕೆ ಮಂಗಳವಾರ ಗೊತ್ತಾದ ದಿನ, ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಳ್ಳಿ. ಚೀಟಿ ಮಾಡಿಸುವಾಗ ಪರಿಚಯದವರು ಕಂಡರೆ ಎಂಬ ಸಂಕೋಚದಿಂದಲೇ ಅಲ್ಲಿಗೆ ಹೋಗದವರು ಬಹಳ. ಅಲ್ಲಿ ಸಿಗುವ ಪರಿಚಯದವರೂ ಅದೇ ಚೀಟಿ ಹಿಡಿದು ನಿಂತಿರುತ್ತಾರೆ.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. ಕೆಲಸ ಬಿಟ್ಟು ಗೆದ್ದವರ ಮುಂದಿನ ಕಥೆ ಅಚ್ಚಾಗುವಾಗ, ಪಕ್ಕದಲ್ಲಿ ಚಿಕ್ಕ ಚೌಕಟ್ಟಿನಲ್ಲಿ ಮೂರು ವಿವರ ಹಾಕಿ: ಬಿಡುವ ದಿನ ಕೈಯಲ್ಲಿದ್ದ ಉಳಿತಾಯ ಎಷ್ಟು, ಮೊದಲ ಆದಾಯ ಎಷ್ಟು ತಿಂಗಳಿಗೆ ಬಂತು, ಆ ತಿಂಗಳುಗಳಲ್ಲಿ ಮನೆ ನಡೆದದ್ದು ಯಾರ ಸಂಬಳದಲ್ಲಿ.

ಇತಿ,
ಇಬ್ಬರು ಆಪ್ತಸಮಾಲೋಚಕರು
ಮೈಸೂರು